ಹನ್ನೆರಡೂವರೆ ಮಾರು, ಒಂದು ಗೇಣು

ಮೂತ್ರಪಿಂಡದ ಆಸ್ಪತ್ರೆ, ಎರಡನೆಯ ವಾರ್ಡು
12 ಅಕ್ಟೋಬರ್ 1966

ಮೆರ್ದಾನ್,

ಈ ಕಾಗದವನ್ನು ನಿನ್ನ ಅಕ್ಕ ನಿನಗೆ ಓದಿ ಹೇಳುತ್ತಾಳೆ. ಒಲೆಯ ಪಕ್ಕ ಮಲಗಿಕೊಂಡು ಕೇಳಬೇಡ. ಎದ್ದು ಕೂತು ಕೇಳು.

ನನ್ನ ರಕ್ತ ತೆಗೆದು ನೋಡಿದರು. ಡಾಕ್ಟರು ರಷ್ಯನ್ ಹೆಂಗಸು, ಒಂಟೆ ಕಾಯುವವರ ಹಾಗೆ ಗಟ್ಟಿ ಗಂಟಲು. "ಅಜ್ಜ, ವರ್ಷಗಟ್ಟಲೆ ನೀನು ಕುಡಿದಿದ್ದು ನೀರಲ್ಲ, ಉಪ್ಪಿನಕಾಯಿ ರಸ" ಅಂದಳು. ಊರಿಗೆ ಯಾವಾಗ ಕಳಿಸುತ್ತೀರಿ ಅಂತ ಕೇಳಿದೆ. "ಊರಲ್ಲಿ ಸಿಹಿ ನೀರಿದ್ರೆ ನಾಳೇನೇ ಹೋಗು. ಆ ಬಾವೀದೇ ಕುಡಿಯೋದಾದ್ರೆ ಒಂದು ಬೇಸಿಗೆ ದಾಟಲ್ಲ" ಅಂದಳು. ಆದ್ದರಿಂದ ಮಾತು ಇಷ್ಟೇ. ಚೆರ್ಕೆಜ್ಲಿಯಲ್ಲಿ ಸಿಹಿ ನೀರು ಬಂದರೆ ನಾನು ಮನೆಗೆ ಬಂದು ಸಾಯುತ್ತೇನೆ. ಇಲ್ಲದಿದ್ದರೆ ಈ ಬಿಳಿ ಗೋಡೆ ನೋಡಿಕೊಂಡು ಸಾಯುತ್ತೇನೆ.

ಹಳೆಯ ಬಾವಿ ಕೆಟ್ಟಿದ್ದು ನನ್ನಿಂದಲ್ಲ. ಕುರಿ ಫಾರ್ಮಿನವರು ಅದಕ್ಕೆ ಮೋಟಾರು ಕೂರಿಸಿದ ದಿನವೇ ಹೇಳಿದ್ದೆ. ನಮ್ಮ ಕಾಲಡಿಯ ನೀರೆಲ್ಲ ಉಪ್ಪು. ಅದು ಹಿಂದಿನ ಕಾಲದ ಸಮುದ್ರ, ಹೋಗದೆ ಉಳಿದುಕೊಂಡದ್ದು. ಮಳೆ ಬಂದಾಗ ತಕಿರ್‌ನ ಗಟ್ಟಿ ಜೇಡಿ ನೆಲದ ಮೇಲೆ ಹರಿಯುವ ನೀರನ್ನು ನಾವು ಕಾಲುವೆ ಕಡಿದು ಒಂದು ಕಡೆ ಇಂಗಿಸುತ್ತೇವೆ. ಅದು ಆ ಉಪ್ಪಿನ ಮೇಲೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ ನಿಲ್ಲುತ್ತದೆ. ಕೆನೆಯನ್ನು ಚಮಚದಲ್ಲಿ ತೆಗೆಯಬೇಕು. ಅವರು ಕೊಳವೆ ಹಾಕಿ ಹೀರಿದರು. ಕೆನೆ ಒಡೆಯಿತು, ಉಪ್ಪು ಮೇಲೆ ಬಂತು. ಒಡೆದದ್ದು ನಮ್ಮ ಜೀವಮಾನದಲ್ಲಿ ಕೂಡುವುದಿಲ್ಲ.

ಹೊಸದು ತೋಡಬೇಕು. ತಕಿರ್‌ನ ತೆಂಕಣ ಬಾಲದಲ್ಲಿ ಎರಡು ಮುರುಟಿದ ಸಕ್ಸಾವುಲ್ ಮರಗಳಿವೆಯಲ್ಲ, ಅವುಗಳ ನಡುವೆ. ಇಪ್ಪತ್ತು ವರ್ಷದಿಂದ ಅಲ್ಲಿಗೆ ನೀರು ಇಳಿಸುತ್ತಾ ಬಂದಿದ್ದೇನೆ. ಯಾರಿಗೂ ಹೇಳಿಲ್ಲ.

ಬಾವಿಯಲ್ಲಿ ಇಳಿದವನ ತೋಳೇ ಅಳತೆಗೋಲು. ಮೇಲಿನವರು ಅಳೆದದ್ದು ಲೆಕ್ಕಕ್ಕಿಲ್ಲ. ನಿನ್ನ ತೋಳು ನನ್ನ ತೋಳಿನಷ್ಟೇ ಉದ್ದ, ಹೋದ ವರ್ಷ ನೂಲು ಹಿಡಿದು ನೋಡಿದ್ದೇನೆ. ಆದ್ದರಿಂದ ನನ್ನ ಮಾತು ನಿನಗೆ ಹಾಗೇ ಹೊಂದುತ್ತದೆ. ಐದು ಮಾರಿಗೆ ಜಿಪ್ಸಂ, ಏಳಕ್ಕೆ ಕೆಂಪು ಜೇಡಿ, ಎಂಟಕ್ಕೆ ಹರಿಯುವ ಮರಳು.

ಹರಿಯುವ ಮರಳು ಕಂಡ ದಿನ ಕೆಲಸ ನಿಲ್ಲಿಸು. ಒಂದು ಮೊಳ ಕೂಡ ಮುಂದೆ ಹೋಗಬೇಡ. ಗೋಡೆಗೆ ಹೆಣೆಯಲು ಸಕ್ಸಾವುಲ್ ಕೊಂಬೆ ಪೂರ್ತಿ ಬರುವವರೆಗೆ, ತಿಂಗಳಾಗಲಿ ಎರಡು ತಿಂಗಳಾಗಲಿ, ಕಾಯಿ. ಸೊಂಟಕ್ಕೆ ಎರಡು ಹಗ್ಗ. ಟೋಪಿಯ ಮೇಲೆ ಒಂದು ಕಾಳು ಮರಳು ಉದುರಿದರೂ ಮೇಲೆ ಬಾ. ಬಾವಿ ಇನ್ನೊಂದು ತೋಡಬಹುದು.

ಅಕ್ಕ ಹಗ್ಗ ಹಿಡಿಯಲಿ, ಅದು ಅವಳಿಗೆ ಗೊತ್ತು. ಬಗ್ಗಿ ಒಳಗೆ ನೋಡಲು ಬಿಡಬೇಡ. ಹೆಂಗಸು ಇಳಿದ ಬಾವಿಯ ನೀರನ್ನು ನಮ್ಮವರು ಕುರಿಗೂ ಕುಡಿಸುವುದಿಲ್ಲ.

ಪ್ರತಿ ಪದರದ ಮಣ್ಣನ್ನು ಬೇರೆ ಬೇರೆ ಗಂಟು ಕಟ್ಟಿ ಹೊಮ್ಮತ್‌ನ ಲಾರಿಯಲ್ಲಿ ಕಳಿಸು. ನನ್ನ ನಾಲಿಗೆ ಇನ್ನೂ ಕೆಟ್ಟಿಲ್ಲ.

ಬಾವಿಯ ಉಸ್ತಾದ ಸಪರ್‌ಗೆಲ್ದಿ


ಚೆರ್ಕೆಜ್ಲಿ
5 ನವೆಂಬರ್ 1966

ಅಪ್ಪ,

ನಿಮ್ಮ ಕಾಗದವನ್ನು ಮೆರ್ದಾನ್ ಎದ್ದು ಕೂತು ಕೇಳಿದ. ನಾನು ಒಂದು ಸಾಲನ್ನೂ ಬಿಡದೆ ಓದಿದೆ.

ಈಗ ನೀರು ಟ್ಯಾಂಕರಿನಲ್ಲಿ ಬರುತ್ತಿದೆ, ಹತ್ತು ದಿನಕ್ಕೊಮ್ಮೆ. ಸೀಮೆಎಣ್ಣೆ ವಾಸನೆ. ಊರ ಹಿರಿಯರಾಗಿ ಯಾಜ್ಲಿ ಆಗಾ ಮನೆ ಮನೆಗೂ ಹೋಗಿ ಒಂದೇ ಮಾತು ಹೇಳುತ್ತಿದ್ದಾರೆ. "ಜೂನ್‌ಗೆ ನಮ್ಮದೇ ನೀರು ತೋರಿಸದಿದ್ರೆ ಸರ್ಕಾರದವರು ಇಪ್ಪತ್ತೆರಡು ಮನೇನೂ ಎತ್ತಿ ದೊಡ್ಡ ಕಾಲುವೆ ಕಡೆ ಹಾಕ್ತಾರಂತೆ. ಹತ್ತಿ ಬಿಡಿಸ್ಬೇಕಂತೆ. ನನ್ನ ಒಂಟೆಗೆ ಹತ್ತಿ ಬಿಡಿಸೋಕೆ ಯಾರಪ್ಪ ಕಲಿಸ್ತಾರೆ?" ಜನ ನಗುತ್ತಾರೆ. ಅವರು ಹೋದ ಮೇಲೆ ಗಂಟುಮೂಟೆಯ ಕಡೆ ನೋಡುತ್ತಾರೆ.

ಮೆರ್ದಾನ್ ಸೋಮವಾರ ಶುರು ಮಾಡಿದ. ಮೇಲಿನ ಜೇಡಿಗೆ ಗುದ್ದಲಿ ಹೊಡೆದರೆ ಕಂಚಿನ ತಟ್ಟೆಯ ಸದ್ದು ಬಂತು. ಒಂದು ಮೊಳ ಒಡೆಯಲು ಎರಡು ದಿನ. ಅದರ ಕೆಳಗೆ ಸುಲಭ. ಮೂರು ಗಂಟು ಕಳಿಸಿದ್ದೇನೆ. ಒಂದರಲ್ಲಿ ಮೇಲಿನ ಜೇಡಿ, ಎರಡನೆಯದರಲ್ಲಿ ಹಳದಿ ಮರಳು, ಮೂರನೆಯದರಲ್ಲಿ ಬೂದು ಮರಳು, ಜರಡಿ ಹಿಡಿದ ಹಿಟ್ಟಿನಷ್ಟು ನಯ.

ಭೂಗರ್ಭ ಇಲಾಖೆಯವರ ಲಾರಿ ಹೊಡೆಯುವ ಹೊಮ್ಮತ್ ನಿಮಗೆ ಸಲಾಂ ಹೇಳಿದ್ದಾನೆ. "ಏನಕ್ಕ, ನಮ್ಮ ಸಾಹೇಬ್ರು ಯಂತ್ರ ಇಟ್ಕೊಂಡು ಮೂರು ವರ್ಷದಿಂದ ಉಪ್ಪು ನೀರೇ ಕಂಡುಹಿಡೀತಿದ್ದಾರೆ. ನಿಮ್ಮಪ್ಪ ಮಣ್ಣು ನೆಕ್ಕಿ ಹೇಳ್ತಾರಲ್ಲ, ಆ ನಾಲಿಗೇನ ಸರ್ಕಾರ ಯಾಕೆ ಸಂಬಳಕ್ಕೆ ಇಟ್ಕೊಳ್ಳಲ್ಲ?" ಅಂದ.

ನೀವು ಬರುವ ಹೊತ್ತಿಗೆ ನಿಮ್ಮ ಕಂಬಳಿ ಒಗೆದಿಡುತ್ತೇನೆ, ಒಗೆಯುವಷ್ಟು ನೀರು ಬಂದರೆ.

ನಿಮ್ಮ ಮಗಳು
ಓಗುಲ್‌ಗೆರೆಕ್


ಎರಡನೆಯ ವಾರ್ಡು
24 ನವೆಂಬರ್ 1966

ಮೆರ್ದಾನ್, ಓಗುಲ್‌ಗೆರೆಕ್,

ಮಣ್ಣು ಬಂತು. ನಾಲಿಗೆಯ ಮೇಲಿಟ್ಟು ನೋಡುವಾಗ ನರ್ಸು ಜಿನಾಯಿದಾ ಕಂಡುಬಿಟ್ಟಳು. "ಅಯ್ಯೋ, ಈ ಅಜ್ಜ ಮಣ್ಣು ತಿಂತಿದ್ದಾನೆ!" ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದಳು. ಪಕ್ಕದ ಮಂಚದ ಅರ್ಮೇನಿಯದವ, ಬೂಟು ಹೊಲಿಯುವವ, "ತಿನ್ಲಿ ಬಿಡಮ್ಮ, ಇವತ್ತು ಇವನ ಸರದಿ. ನಾಳೆ ಮಣ್ಣು ಇವನನ್ನ ತಿನ್ನುತ್ತೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಹೋದ ಶುಕ್ರವಾರ ಸತ್ತ.

ಮೊದಲನೆಯ ಗಂಟು ಉಪ್ಪು. ಅದು ಹಾಗೇ ಇರಬೇಕು. ಎರಡನೆಯದು ಕಡಿಮೆ. ಮೂರನೆಯದರಲ್ಲಿ ಉಪ್ಪೇ ಇಲ್ಲ. ಇಪ್ಪತ್ತು ವರ್ಷದ ಮಳೆ ತೊಳೆದುಕೊಂಡು ಕೆಳಗಿಳಿದಿದೆ. ಜಾಗ ಸರಿಯಾಗಿದೆ.

ಓಗುಲ್‌ಗೆರೆಕ್, ಗಂಟು ಕಟ್ಟಿದ್ದು ನೀನೇ. ಮೆರ್ದಾನ್ ಕಟ್ಟಿದ್ದರೆ ಲಾರಿಯಲ್ಲೇ ಬಿಚ್ಚಿಹೋಗುತ್ತಿತ್ತು. ನಿನಗೆ ಏಳು ವರ್ಷವಿದ್ದಾಗ ಹಗ್ಗದ ಗಂಟು ಕಲಿಸಿದೆ, ಕಲಿಸಲು ಬೇರೆ ಯಾರೂ ಹುಟ್ಟಿರಲಿಲ್ಲ ಎಂಬ ಕಾರಣಕ್ಕೆ. ನಿನಗೆ ಓಗುಲ್‌ಗೆರೆಕ್, 'ಮಗ ಬೇಕು' ಎಂದು ಹೆಸರಿಟ್ಟಾಗ ನಿನ್ನ ತಾಯಿ ಮೂರು ದಿನ ಅತ್ತಳು. ಹತ್ತು ವರ್ಷ ತಡವಾಯಿತು, ಆದರೆ ಹೆಸರು ಕೆಲಸ ಮಾಡಿತು, ಮೆರ್ದಾನ್ ಬಂದ. ಅದಕ್ಕೆ ನಾನು ನಿನಗೆ ಋಣಿಯಾಗಿರಬೇಕು ಅಂತ ಕೆಲವರು ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ನಿನ್ನನ್ನು ವಾಪಸು ಕಳಿಸಿದಾಗ ನಾನು ಬಾಗಿಲು ಹಾಕಿಕೊಳ್ಳಲಿಲ್ಲ. ಹಗ್ಗ ಹಿಡಿಯಲು ಒಬ್ಬರು ಬೇಕಿತ್ತು. ನಮ್ಮಿಬ್ಬರ ನಡುವೆ ಬಾಕಿ ಏನೂ ಇಲ್ಲ.

ಮೆರ್ದಾನ್‌ನ ಅಳತೆ ಬರೆ. ಯಾವ ಪದರ ಎಷ್ಟು ಮಾರಿಗೆ ಬಂತು ಅಂತ, ಒಂದು ಗೇಣು ಹೆಚ್ಚುಕಡಿಮೆ ಇಲ್ಲದೆ.

ಸಪರ್‌ಗೆಲ್ದಿ


ಚೆರ್ಕೆಜ್ಲಿ
20 ಡಿಸೆಂಬರ್ 1966

ಅಪ್ಪ,

ಅಳತೆ ಕೇಳಿದ್ದಿರಿ. ಜಿಪ್ಸಂ ಐದೂಮುಕ್ಕಾಲು ಮಾರಿಗೆ. ಕೆಂಪು ಜೇಡಿ ಎಂಟಕ್ಕೆ. ಹರಿಯುವ ಮರಳು ನಿನ್ನೆ ಬಂತು, ಒಂಬತ್ತು ಮಾರು ಒಂದು ಗೇಣಿಗೆ. ನೀವು ಹೇಳಿದ್ದಕ್ಕಿಂತ ಪ್ರತಿ ಪದರವೂ ಸ್ವಲ್ಪ ಆಳದಲ್ಲಿ ಸಿಗುತ್ತಿದೆ. ಇಲ್ಲಿ ನೆಲದೊಳಗಿನ ಪದರಗಳು ತೆಂಕಣಕ್ಕೆ ಇಳಿಜಾರಾಗಿರಬೇಕು.

ಜಿಪ್ಸಂ ಒಡೆಯಲು ಹದಿನಾಲ್ಕು ದಿನ ಹಿಡಿಯಿತು. ಮೇಲ್ಭಾಗ ಸಕ್ಕರೆ ಗಡ್ಡೆಯ ಹಾಗಿತ್ತು. ಕೆಳಗೆ ಎಲೆ ಎಲೆಯಾಗಿ, ಅಂಚಿಗೆ ಬೆರಳಿಟ್ಟರೆ ಕುಯ್ಯುವಂಥದ್ದು. ಮೆರ್ದಾನ್‌ನ ಕೈಗೆ ದಿನಾ ಕುರಿ ಕೊಬ್ಬು ಹಚ್ಚುತ್ತಿದ್ದೇನೆ. ಕೆಂಪು ಜೇಡಿಯಲ್ಲಿ ಕಡಲೆಕಾಳಿನಷ್ಟು ಸಣ್ಣ ಚಿಪ್ಪುಗಳಿದ್ದವು. ಆ ಸಮುದ್ರ ಹೋಗಿ ಎಷ್ಟು ಕಾಲವಾಯಿತೋ, ಚಿಪ್ಪಿನ ಒಳಗೆ ಹೊಳಪು ಇನ್ನೂ ಹಾಗೇ ಇದೆ. ಎಂಟು ಮಾರಿನ ಕೆಳಗೆ ಚಳಿಯೇ ಇಲ್ಲವಂತೆ. ತಲೆ ಎತ್ತಿದರೆ ಆಕಾಶ ಚಹಾದ ಬಟ್ಟಲಿನಷ್ಟು ಕಾಣುತ್ತದಂತೆ. ಮೆರ್ದಾನ್ ಹೇಳುತ್ತಾನೆ.

ನೀವು ಬರೆದ ಹಾಗೆ ಕೆಲಸ ನಿಲ್ಲಿಸಿದ್ದೇವೆ. ಕೊಂಬೆ ಅರ್ಧ ಮಾತ್ರ ಬಂದಿದೆ, ಉಳಿದದ್ದು ಫೆಬ್ರವರಿ ಕೊನೆಗೆ. ಅಲ್ಲಿಯವರೆಗೆ ಕಾಯುತ್ತೇವೆ.

ಯಾಜ್ಲಿ ಆಗಾ ಬಂದು ಮಣ್ಣಿನ ರಾಶಿಯ ಸುತ್ತ ಒಂದು ಸುತ್ತು ಹಾಕಿದರು. "ಏನಮ್ಮ, ನಿನ್ನ ತಮ್ಮ ಬಾವಿ ತೋಡ್ತಾ ಇದ್ದಾನೆ ಅಂತೀಯ, ಅವನ ಬೂಟು ಇಷ್ಟು ಚೊಕ್ಕಟ ಹೇಗಿದೆ?" ಅಂದರು. ಒಳಗೆ ಬರಿಗಾಲಲ್ಲಿ ಇಳಿಯುತ್ತಾನೆ ಆಗಾ, ಅಂದೆ. "ಹೌದಾ, ಒಳ್ಳೇದು" ಅಂದು ಹೋದರು.

ನಿಮ್ಮ ಕಾಲಿನ ಊತ ಇಳಿಯಿತೇ? ಬರೆಯಿರಿ.

ನಿಮ್ಮ ಮಗಳು
ಓಗುಲ್‌ಗೆರೆಕ್


ಎರಡನೆಯ ವಾರ್ಡು
9 ಜನವರಿ 1967

ಓಗುಲ್‌ಗೆರೆಕ್,

ಅಳತೆ ಓದಿದೆ. ಎರಡು ಸಲ ಓದಿದೆ. ಪದರಗಳು ಇಳಿಜಾರಾಗಿರಬೇಕು ಅಂತ ಬರೆದಿದ್ದೀಯ. ಇರಬಹುದು. ನಿನ್ನ ಅಕ್ಷರ ಚೆನ್ನಾಗಿದೆ.

ಕಾಯುವುದು ಬೇಡ. ಇರುವ ಅರ್ಧ ಕೊಂಬೆಯಲ್ಲೇ ತೆಳ್ಳಗೆ ಹೆಣೆದುಕೊಂಡು ಮುಂದುವರಿಯಿರಿ. ಈ ಚಳಿಯಲ್ಲಿ ಮರಳು ಒಂದನ್ನೊಂದು ಹಿಡಿದುಕೊಂಡಿರುತ್ತದೆ. ಎರಡು ಹಗ್ಗವೂ ಬೇಡ. ಒಂದಕ್ಕೊಂದು ಸುತ್ತಿಕೊಂಡು ಕೆಲಸ ನಿಧಾನವಾಗುತ್ತದೆ.

ಮೆರ್ದಾನ್‌ನನ್ನು ಬಾವಿಯ ಬಾಯಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಿಸಬೇಡ. ಮರಳು ಜಾರಿದರೆ ಅಂಚೂ ಹೋಗುತ್ತದೆ.

ಊತ ಮೊಣಕಾಲಿಗೆ ಬಂದಿದೆ. ಜೂನ್‌ಗೆ ಇನ್ನು ಐದು ತಿಂಗಳು.

ಅಪ್ಪ


ಚೆರ್ಕೆಜ್ಲಿ
30 ಜನವರಿ 1967

ಅಪ್ಪ,

ಇದನ್ನ ನಾನೇ ಬರೀತಿದೀನಿ. ತಪ್ಪಿದ್ರೆ ಬೈಬೇಡಿ.

ಗುರುವಾರ ಮರಳು ಬಿತ್ತು. ಒಳಗಿದ್ದದ್ದು ಅಕ್ಕ. ಕತ್ತಿನವರೆಗೆ ಹೂತುಹೋಗಿದ್ದಳು. ಹಗ್ಗ ಒಂದೇ ಇತ್ತು, ಅದನ್ನ ಬಿಳಿ ಒಂಟೆಗೆ ಕಟ್ಟಿ ಹೊಡೆದೆ. ಒಂಟೆ ಎಳೀತು, ಅಕ್ಕ ಕೂಗಿದಳು, ನಿಲ್ಲಿಸಿದೆ. ನಿಲ್ಲಿಸಬೇಡ ಅಂತ ಕೂಗಿದಳು. ಮತ್ತೆ ಹೊಡೆದೆ. ಮೇಲೆ ಬಂದಳು. ಎಡಗಾಲು ತೊಡೆ ಹತ್ರ ಮುರಿದಿದೆ. ಎಲುಬು ಕೂರಿಸೋ ಮುದುಕಿ ಕಟ್ಟಿದ್ದಾಳೆ.

ಮೊದಲಿಂದ ಇಳೀತಿದ್ದದ್ದು ಅಕ್ಕನೇ. ನಾನು ಮೊದಲನೇ ದಿನ ಎರಡು ಮಾರು ಇಳಿದೆ. ಉಸಿರು ಕಟ್ಟಿತು, ಅತ್ತುಬಿಟ್ಟೆ. ಅಕ್ಕ "ಯಾರಿಗೂ ಹೇಳಲ್ಲ ಕಣೋ, ಮೇಲೆ ಬಾ" ಅಂದಳು. ಆಮೇಲೆ ನನ್ನ ಹಳೇ ಷರಾಯಿ ಹಾಕ್ಕೊಂಡು ಅವಳೇ ಇಳಿದಳು. ಅಪ್ಪ ಬರಬೇಕು ಅಂತ ದಿನಾ ಹೇಳ್ತಿದ್ದಳು.

ನೀವು ಏನು ಬೇಕಾದ್ರೂ ಅನ್ನಿ.

ಮೆರ್ದಾನ್


ಎರಡನೆಯ ವಾರ್ಡು
14 ಫೆಬ್ರವರಿ 1967

ಮೆರ್ದಾನ್,

ನೀನು ಎಲ್ಲಿ ನಿಂತಿದ್ದೆ? ನಿನಗೆ ಏನಾದರೂ ಆಯಿತೇ? ಅದನ್ನು ಬರೆಯಲೇ ಇಲ್ಲ. ಕೂಡಲೇ ಬರೆ.

ಅತ್ತಿದ್ದಕ್ಕೆ ನಾಚಿಕೆ ಬೇಡ. ಹೊರಗೆ ಯಾರಿಗೂ ಹೇಳಬೇಡ.

ಬಾವಿ ಎಷ್ಟು ತುಂಬಿದೆ ಅಂತ ಹಗ್ಗ ಬಿಟ್ಟು ನೋಡು. ಜಿಪ್ಸಂ ಗೋಡೆ ನಿಂತಿದ್ದರೆ ಬಾವಿ ಉಳಿದಿದೆ ಅಂತಲೇ ಅರ್ಥ.

ಅಪ್ಪ


ಚೆರ್ಕೆಜ್ಲಿ
12 ಮಾರ್ಚ್ 1967

ಅಪ್ಪ,

ಮೆರ್ದಾನ್‌ಗೆ ಬರೆದ ಕಾಗದವನ್ನು ನಾನೇ ಓದಿ ಹೇಳಿದೆ. ಅವನಿಗೆ ನಿಮ್ಮ ಕಾಲದ ಹಳೆಯ ಅಕ್ಷರ ಓದಲು ಬರುವುದಿಲ್ಲ, ನಿಮಗೆ ಗೊತ್ತಿರಬೇಕು. ನನ್ನ ಕಾಲಿನ ವಿಷಯ ಅದರಲ್ಲಿ ಇರಲಿಲ್ಲ. ಹಾಳೆ ತಿರುಗಿಸಿ ನೋಡಿದೆ, ಹಿಂದೆಯೂ ಇರಲಿಲ್ಲ.

ಅವನು ಓಡಿಹೋಗಲಿಲ್ಲ, ಅದನ್ನು ಬರೆಯಬೇಕು. ಅಂಚಿನಲ್ಲೇ ನಿಂತಿದ್ದ.

ಮರಳು ಸದ್ದು ಮಾಡದೆ ಬಂತು. ಹಿಟ್ಟಿನ ಚೀಲದ ಬಾಯಿ ಬಿಚ್ಚಿದ ಹಾಗೆ ಹೆಣಿಗೆಯ ಸಂದಿನಿಂದ ಒಂದು ಎಳೆ, ಆಮೇಲೆ ಹತ್ತು ಎಳೆ, ಆಮೇಲೆ ಗೋಡೆಯೇ. ಒಳಗೆ ಸಿಕ್ಕಿಕೊಂಡಾಗ ಅದು ಬೆಚ್ಚಗಿತ್ತು. ಉಸಿರು ಬಿಟ್ಟರೆ ಅಷ್ಟು ಜಾಗವನ್ನು ಅದು ತೆಗೆದುಕೊಳ್ಳುತ್ತಿತ್ತು, ಮತ್ತೆ ಎಳೆದುಕೊಳ್ಳಲು ಬಿಡುತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೆ.

ಒಂದೂವರೆ ತಿಂಗಳಿಂದ ಮಲಗಿದ್ದೇನೆ. ಮಾಡಲು ಕೆಲಸವಿಲ್ಲ. ನಿಮ್ಮ ಕಾಗದಗಳನ್ನು ತೆಗೆದು ಅಕ್ಟೋಬರ್‌ನದನ್ನೂ ಜನವರಿಯದನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಅದರಲ್ಲಿ ಕಾಯಿ ಅಂತಿದೆ, ಇದರಲ್ಲಿ ಕಾಯಬೇಡ ಅಂತಿದೆ. ಅದರಲ್ಲಿ ಎರಡು ಹಗ್ಗ, ಇದರಲ್ಲಿ ಒಂದು. ಅದರಲ್ಲಿ ಒಂದು ಕಾಳು ಉದುರಿದರೂ ಮೇಲೆ ಬಾ ಅಂತಿದೆ. ಇದರಲ್ಲಿ ಮೇಲೆ ಬರುವ ಮಾತೇ ಇಲ್ಲ. ಇದರಲ್ಲಿ ಮೆರ್ದಾನ್ ಬಾವಿಯ ಬಾಯಿಯ ಹತ್ತಿರ ನಿಲ್ಲಬಾರದು ಅಂತಲೂ ಇದೆ. ಅವನು ಕೆಳಗೆ ತೋಡುತ್ತಿದ್ದಾನೆ ಅಂತ ನಂಬಿದವರು ಹಾಗೆ ಬರೆಯುವುದಿಲ್ಲ.

ಬಂದ ದಿನವೇ ಇದು ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ. ನನ್ನೊಬ್ಬಳ ಹೆಸರಿಗೆ ನೀವು ಬರೆದ ಮೊದಲ ಕಾಗದ ಅದು. ಅಕ್ಷರ ಚೆನ್ನಾಗಿದೆ ಅಂತ ಬೇರೆ ಬರೆದಿದ್ದಿರಿ. ಆ ಖುಷಿಯಲ್ಲೇ ಮಾರನೆಯ ದಿನ ಇಳಿದೆ.

ನನ್ನದು ಒಂದೇ ಪ್ರಶ್ನೆ. ಯಾವಾಗ ಗೊತ್ತಾಯಿತು?

ಕೊಂಬೆ ಪೂರ್ತಿ ಬಂದಿದೆ. ಯಾಜ್ಲಿ ಆಗಾ ತಮ್ಮ ಇಬ್ಬರು ಗಂಡುಮಕ್ಕಳನ್ನು ಹಗ್ಗಕ್ಕೆ ಕಳಿಸುತ್ತೇನೆ ಅಂದಿದ್ದಾರೆ. "ಮೆರ್ದಾನ್‌ಗೆ ಸಹಾಯ ಆಗ್ಲಿ ಅಂತ" ಅಂದರು, ನಗದೆ. ಏಪ್ರಿಲ್‌ನಲ್ಲಿ ಇಳಿಯುತ್ತೇನೆ. ಕಾಲು ನೆಟ್ಟಗಾಗದಿದ್ದರೂ ಇಳಿಯಬಹುದು. ಬಾವಿಯಲ್ಲಿ ಯಾರೂ ನಡೆಯುವುದಿಲ್ಲ.

ಎಷ್ಟಕ್ಕೆ ನಿಲ್ಲಿಸಬೇಕು ಅಂತ ನೀವು ಇನ್ನೂ ಬರೆದಿಲ್ಲ. ಬರೆಯಿರಿ.

ಓಗುಲ್‌ಗೆರೆಕ್


ಎರಡನೆಯ ವಾರ್ಡು
30 ಮಾರ್ಚ್ 1967

ಓಗುಲ್‌ಗೆರೆಕ್,

ಜಿಪ್ಸಂ ಓದಿದಾಗ ಗೊತ್ತಾಯಿತು. ಜಿಪ್ಸಂ ಇಳಿಜಾರಾಗಿ ಕೂರುವುದಿಲ್ಲ. ನಿಂತ ನೀರು ಒಣಗಿ ಆದದ್ದು ಅದು, ನಮ್ಮ ತಕಿರ್‌ನ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಮೇಜಿನ ಹಲಗೆಯಷ್ಟು ಸಪಾಟಾಗಿದೆ. ಐದು ಮಾರಿನದ್ದು ಐದೂಮುಕ್ಕಾಲು ಆಗಬೇಕಾದರೆ ಇಳಿದದ್ದು ನೆಲವಲ್ಲ, ಗಿಡ್ಡವಾದದ್ದು ತೋಳು. ಚೆರ್ಕೆಜ್ಲಿಯಲ್ಲಿ ಅಷ್ಟು ಗಿಡ್ಡ ತೋಳಿದ್ದು, ಹಾಗಿದ್ದೂ ಗೇಣು ತಪ್ಪದೆ ಅಳೆಯುವವರು ಒಬ್ಬರೇ. ಸುಳ್ಳು ಹೇಳುವವಳು ಅಳತೆಯಲ್ಲೂ ಹೇಳಬೇಕಿತ್ತು. ಅದು ನಿನಗೆ ಬರುವುದಿಲ್ಲ, ನಾನೇ ಕಲಿಸಿಲ್ಲ.

ಇನ್ನೊಂದು ಪ್ರಶ್ನೆ ನೀನು ಕೇಳಲಿಲ್ಲ. ಅದಕ್ಕೂ ಉತ್ತರ ಬರೆಯುತ್ತೇನೆ. ಮೆರ್ದಾನ್ ಒಳಗಿದ್ದರೆ ಕಾಯುತ್ತಿದ್ದೆ. ಇಲ್ಲೇ ಸತ್ತರೂ ಕಾಯುತ್ತಿದ್ದೆ. ನೀನಾಗಿದ್ದರಿಂದ ಕಾಯಲಿಲ್ಲ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ನನ್ನ ತೋಳಿಗೆ ಹನ್ನೊಂದು ಮಾರು. ನಿನ್ನ ತೋಳಿಗೆ ಹನ್ನೆರಡೂವರೆ ಮಾರು, ಒಂದು ಗೇಣು. ಹರಿಯುವ ಮರಳು ಮುಗಿದ ಮೇಲೆ ನೀಲಿ ಮರಳು ಬರುತ್ತದೆ, ತಣ್ಣಗೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಂಥದ್ದು. ಅದರಲ್ಲಿ ನೀರು. ಪಾದ ಮುಳುಗಿದ ಕೂಡಲೇ ನಿಲ್ಲಿಸು. ಮೊಣಕಾಲಿಗೆ ಬರಲಿ ಅಂತ ಆಸೆಪಟ್ಟು ಇನ್ನೊಂದು ಮೊಳ ತೋಡಿದರೆ ಉಪ್ಪು ಒಡೆದು ಬರುತ್ತದೆ. ಅಲ್ಲಿಗೆ ನಾನೂ ಮುಗಿದೆ, ಇಪ್ಪತ್ತೆರಡು ಮನೆಯೂ ಮುಗಿಯಿತು.

ದಿನಕ್ಕೆ ಎಷ್ಟು ಸೇದಬಹುದು ಅಂತ ಕಾಗದದಲ್ಲಿ ಹೇಳಿಕೊಡಲು ಆಗುವುದಿಲ್ಲ. ಮೊದಲ ಕೆಲವು ದಿನ ಬೆಳಗ್ಗೆ ಸಂಜೆ ರುಚಿ ನೋಡಿ ಗೊತ್ತುಮಾಡಬೇಕು. ಅದಕ್ಕೆ ನಾಲಿಗೆ ಬೇಕು. ಮೆರ್ದಾನ್‌ಗೆ ಆ ನಾಲಿಗೆ ಇಲ್ಲ. ನೀನು ನೋಡು.

ಬಾವಿಗೆ ಮೆರ್ದಾನ್‌ನ ಹೆಸರು. ಬಾವಿಗಳಿಗೆ ತೋಡಿದವನ ಹೆಸರಿರುತ್ತದೆ. ನಮ್ಮ ಮನೆಯಲ್ಲಿ ಇನ್ನು ಹೆಸರು ಉಳಿಯಬೇಕಾದವನು ಅವನೊಬ್ಬನೇ. ನೀನು ಇಳಿದದ್ದು ಊರಿಗೆ ಗೊತ್ತಾದರೆ ಆ ನೀರನ್ನು ಯಾರೂ ಮುಟ್ಟುವುದಿಲ್ಲ. ಬಾಯಿ ಮುಚ್ಚಿಕೊಂಡಿರು.

ಜೂನ್ ಹತ್ತಕ್ಕೆ ಹೊಮ್ಮತ್‌ನ ಲಾರಿ ಇಲ್ಲಿಗೆ ಬರಲಿ. ಹಿಂದೆ ಹುಲ್ಲು ಹಾಸಿ ಕಂಬಳಿ ಹಾಕಿಸು, ಕೂರಲು ಆಗುವುದಿಲ್ಲ. ಬಂದ ದಿನ ಹಸಿರು ಚಹಾ ಬೇಕು, ಹೊಸ ನೀರಿನಲ್ಲಿ ಕಾಯಿಸಿದ್ದು.

ಅಪ್ಪ


ಚೆರ್ಕೆಜ್ಲಿ
26 ಮೇ 1967

ಅಪ್ಪ,

ಮೇ ಹದಿನಾಲ್ಕಕ್ಕೆ ನೀರು ಬಂತು. ಹನ್ನೆರಡೂವರೆ ಮಾರು, ಒಂದು ಗೇಣು. ನೀವು ಒಂದು ಬೆರಳಿನಷ್ಟೂ ತಪ್ಪಿಲ್ಲ. ಬಲಗಾಲಿನ ಪಾದ ಮುಳುಗಿದಾಗ ನಿಲ್ಲಿಸಿದೆ. ಎಡಗಾಲು ಈಗ ಗಿಡ್ಡ, ಅದು ಹಿಮ್ಮಡಿ ಊರುವುದಿಲ್ಲ.

ಮೊದಲ ಬಕೆಟ್ಟನ್ನು ಯಾಜ್ಲಿ ಆಗಾಗೆ ಕೊಟ್ಟೆವು. ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ನುಂಗಲಿಲ್ಲ. ಊರೆಲ್ಲ ನಿಂತು ಅವರ ಗಂಟಲನ್ನೇ ನೋಡುತ್ತಿತ್ತು. ಹೊಮ್ಮತ್ ತಡೆಯಲಾರದೆ "ಏನ್ ಆಗಾ, ಹಲ್ಲಿಲ್ಲದ ಬಾಯಲ್ಲಿ ನೀರನ್ನ ಅಗೀತಿದ್ದೀರಾ?" ಅಂದ. ಅವರು ನುಂಗಿ, "ತಡಿಯೋ ಬಡ್ಡೀಮಗನೆ, ವರ್ಷದ ಮೇಲೆ ಸಿಕ್ಕಿದೆ, ಅಷ್ಟು ಬೇಗ ಬಿಟ್ಟುಬಿಡ್ಲಾ?" ಅಂದರು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡರು.

ನೀವು ಹೇಳಿದ ಹಾಗೆ, ಇದು ಮೆರ್ದಾನ್‌ನ ಬಾವಿ ಅಂತ ನಾನೇ ಕೂಗಿ ಹೇಳಿದೆ. ಎಲ್ಲರೂ ನನ್ನ ಕಾಲು ನೋಡಿದರು. "ಹೌದೌದು, ತೋಡಿದ್ದು ಮೆರ್ದಾನ್. ಕುಂಟೋದು ಮಾತ್ರ ನೀನು" ಅಂತ ಒಬ್ಬ ಮುದುಕಿ ಅಂದಳು. ಹೆಂಗಸರು ನಕ್ಕರು, ಗಂಡಸರೂ ನಕ್ಕರು. ನಕ್ಕು ಸಾಲು ನಿಂತರು. ಡಿಸೆಂಬರ್‌ನಿಂದಲೂ ಅವರಿಗೆಲ್ಲ ಗೊತ್ತಿತ್ತು. ಒಬ್ಬರೂ ನೀರು ಬೇಡ ಅನ್ನಲಿಲ್ಲ. ಕೊಡ ತುಂಬಿಸಿಕೊಂಡು ಹೋದರು. ಮೆರ್ದಾನ್ ಮಾತ್ರ ಅಳುತ್ತಿದ್ದ. ಹೆಸರು ಅವನದೇ ಇರಲಿ. ಅವನು ಅದನ್ನು ಕೇಳಿರಲಿಲ್ಲ ಪಾಪ.

ಆಮೇಲೆ ಒಂಬತ್ತು ದಿನ ಬಾವಿಯ ಪಕ್ಕ ಕೂತು ಬೆಳಗ್ಗೆ ಸಂಜೆ ರುಚಿ ನೋಡಿದೆ. ನಲವತ್ತೊಂದನೆಯ ಬಕೆಟ್ಟಿಗೆ ನಾಲಿಗೆಯ ಅಂಚಿಗೆ ಸ್ವಲ್ಪ ಉಪ್ಪು ಹತ್ತುತ್ತದೆ. ಬೇರೆ ಯಾರಿಗೂ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಒಂದು ರಾತ್ರಿ ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಆದ್ದರಿಂದ ದಿನಕ್ಕೆ ನಲವತ್ತು, ಅದಕ್ಕಿಂತ ಹೆಚ್ಚಿಲ್ಲ. ಕುರಿಗೂ ಒಂಟೆಗೂ ಹಳೆಯ ಉಪ್ಪು ಬಾವಿಯೇ. ಇದು ಮನುಷ್ಯರಿಗೆ ಮಾತ್ರ.

ನಿನ್ನೆ ಯಾಜ್ಲಿ ಆಗಾ ಕಾಗದ, ಪೆನ್ಸಿಲ್ಲು ಹಿಡಿದುಕೊಂಡು ಬಂದರು. ಊರು ಇಲ್ಲೇ ಇರಲು ಮೇಲಿನವರು ಒಪ್ಪಬೇಕಾದರೆ ಈ ಬಾವಿ ಯಾರು ಯಾರಿಗೆ ಸಾಕಾಗುತ್ತದೆ ಅಂತ ಬರೆದು ಕೊಡಬೇಕಂತೆ. "ನೀನು ಹೇಳು, ನಾನು ಬರ್ಕೋತೀನಿ. ಈಗ ಉಸ್ತಾದ ನೀನೇ ಅಲ್ವಾ" ಅಂದರು. ಆ ಮಾತನ್ನು ನನಗೆ ಹೇಳಿದವರು ಅವರೊಬ್ಬರೇ.

ಮನೆ ಮನೆಯಾಗಿ ಹೇಳಿದೆ. ತೊಂಬತ್ತಾರು ಜನ. ಜಹಾನ್‌ಗೆ ಆಗಸ್ಟ್‌ನಲ್ಲಿ ಹೆರಿಗೆ, ಆ ಮಗುವನ್ನೂ ಸೇರಿಸಿದೆ. ಸೈನ್ಯಕ್ಕೆ ಹೋಗಿರುವ ಇಬ್ಬರನ್ನು ಸೇರಿಸಿದೆ, ವಾಪಸು ಬರುತ್ತಾರಲ್ಲ. ಹೊಮ್ಮತ್‌ಗೆ ಬಂದಾಗಲೆಲ್ಲ ಒಂದು ಕ್ಯಾನು. ನಮ್ಮ ಮನೆಗೆ ಬಂದಾಗ ಮೆರ್ದಾನ್, ನಾನು ಅಂದೆ.

ಅವರು ಬರೆದು ಪೆನ್ಸಿಲ್ಲು ಎತ್ತಿಕೊಂಡು ಕಾದರು.

"ನಿಮ್ಮಪ್ಪನ್ನ ಸೇರಿಸಿದ್ಯಾ?" ಅಂದರು.

"ಇಲ್ಲ" ಅಂದೆ.

ಹೊಮ್ಮತ್‌ಗೂ ಹೇಳಿದ್ದೇನೆ, ಜೂನ್ ಹತ್ತಕ್ಕೆ ಲಾರಿ ಬರುವುದಿಲ್ಲ. ನೀವು ಇಪ್ಪತ್ತು ವರ್ಷ ಇಳಿಸಿದ ನೀರು ಚೆನ್ನಾಗಿದೆ, ಚಹಾಕ್ಕೆ ಒಳ್ಳೆಯ ಬಣ್ಣ ಬರುತ್ತದೆ. ಅದನ್ನು ತಿಳಿದುಕೊಂಡಿರಿ ಅಂತ ಬರೆಯುತ್ತಿದ್ದೇನೆ.

ಒಬ್ಬ ಮುದುಕ ಕುಡಿದರೆ ಕೆನೆ ಒಡೆಯುವುದಿಲ್ಲ. ಅದು ನಿಮಗೆ ಗೊತ್ತು, ನನಗೂ ಗೊತ್ತು. ಯಾಜ್ಲಿ ಆಗಾಗೂ ಗೊತ್ತಿತ್ತು. ಅವರು ಎರಡನೆಯ ಸಲ ಕೇಳಲಿಲ್ಲ.

ಓಗುಲ್‌ಗೆರೆಕ್